ಘಾಟಿನಲ್ಲಿ ನಿಲ್ಲದ ಗಾಡಿ

ನಿಪ್ಪಾಣಿಯ ತಂಬಾಕು ವ್ಯಾಪಾರಿ ಭಾವುಸಾಹೇಬರು ತೀರಿಕೊಂಡ ಮೇಲೆ ಅವರ ಹೆಂಡತಿ ಜಿನಮತಿಗೆ ಉಳಿದದ್ದು ತುಂಬಿದ ಮನೆ, ಒಂದು ಹಳೆಯ ಅಮೇರಿಕನ್ ಕಾರು. ಮನೆಯಲ್ಲಿ ಮಂದಿಗೇನೂ ಕಡಿಮೆಯಿರಲಿಲ್ಲ. ಹತ್ತಿರ ಕೂತು ಮಾತಾಡುವವರಿರಲಿಲ್ಲ. ತಿಂಗಳಿಗೊಮ್ಮೆ ಬಿ.ಪಿ. ತೋರಿಸಲು ಗಂಡನ ಅಣ್ಣನ ಮಗ ಕಾಕಾಸಾಹೇಬ ಅವಳನ್ನು ಆ ಕಾರಿನಲ್ಲಿ ಬೆಳಗಾವಿಗೆ ಕರೆದೊಯ್ಯುತ್ತಿದ್ದ.

ಆ ಗಾಡಿ ಎಮ್ಮೆಯಂಥದು. ಮಂಚದಷ್ಟು ಅಗಲದ ಸೀಟು, ಎರಡೂ ಕೈ ಹಚ್ಚಿ ಎಳೆಯಬೇಕಾದ ಬಾಗಿಲು. ಸ್ತವನಿಧಿ ಘಾಟು ಏರುವಷ್ಟರಲ್ಲಿ ಬುಸುಗುಟ್ಟಿ ಆವಿ ಬಿಟ್ಟು ನಿಂತೇಬಿಡುತ್ತಿತ್ತು. ಕಾಕಾಸಾಹೇಬ ಬಾನೆಟ್ ಎತ್ತಿದನೆಂದರೆ ತಿರುವಿನ ಗುಡಿಸಲಿನಿಂದ ರುಕ್ಮವ್ವ ನೀರಿನ ಕೊಡ ಹೊತ್ತು ಬರುತ್ತಿದ್ದಳು. ಅವಳೂ ಗಂಡ ಸತ್ತವಳೇ. ಇಂಜಿನ್ ತಣ್ಣಗಾಗಲು ಅರ್ಧ ತಾಸು ಬೇಕು. ಅಷ್ಟೂ ಹೊತ್ತು ಇಬ್ಬರೂ ಕಲ್ಲಿನ ಮೇಲೆ ಕೂತು ಮೊಣಕಾಲ ನೋವು, ಸೊಸೆಯಂದಿರ ಬಿಂಕ, ಹೋದ ಗಂಡಂದಿರ ಸಿಟ್ಟು ಎಲ್ಲ ಆಡಿಕೊಂಡು ನಗುತ್ತಿದ್ದರು.

ಎಂಬತ್ತೇಳನೇ ಇಸವಿಯಲ್ಲಿ ಮನೆಯವರು ಆ ಗಾಡಿ ಮಾರಿ ಹೊಸ ಮಾರುತಿ ತಂದರು. ಬಾಗಿಲು ಒಂದು ಬೆರಳಿಗೆ ಮುಚ್ಚುತ್ತಿತ್ತು. ಒಳಗೆ ಕೂತರೆ ಸದ್ದಿಲ್ಲ. ಘಾಟನ್ನು ಒಂದೇ ಉಸಿರಿಗೆ ಏರಿತು. ಹಿಂದಿನ ಗಾಜಿನಲ್ಲಿ ಗುಡಿಸಲು ಸಣ್ಣದಾಗಿ ಮರೆಯಾಯಿತು.

ಕೆಲವು ತಿಂಗಳು ಜಿನಮತಿ ಆ ತಿರುವಿನಲ್ಲಿ ತಿರುಗಿ ತಿರುಗಿ ನೋಡಿದಳು. ಒಂದು ಸಲ ತಡೆಯಲಾಗಲಿಲ್ಲ.

“ಇಲ್ಲೇ ನಿಂದ್ರಸಪಾ. ಬಾನೆಟ್ ಎತ್ತು.”

“ಯಾಕ್ರಿ ಕಾಕಿ? ಗಾಡಿ ತಣ್ಣಗ ಐತಿ.”

“ಎತ್ತದಿದ್ರ ರುಕ್ಮವ್ವ ಬರೂದಿಲ್ಲೋ.”

“ಹೊಸಾ ಗಾಡಿ ಬಾನೆಟ್ ಎತ್ತಿ ಘಾಟಿನ್ಯಾಗ ನಿಂತ್ರ ಪ್ಯಾಟಿ ಮಂದಿ ಬಿಡ್ತಾರೇನ್ರಿ? ‘ಏನ್ಲೇ, ಇದಕ್ಕೂ ಜ್ವರ ಬಂತೇನು’ ಅಂತಾರ!”

ಬಾನೆಟ್ ಎತ್ತಲಿಲ್ಲ. ಇಂಜಿನ್ ಬಂದ್ ಮಾಡದೆ ನಿಲ್ಲಿಸಿದ, ಅಷ್ಟೇ. ಜಿನಮತಿ ಇಳಿದು ತಾನೇ ಕೂಗಿದಳು. ರುಕ್ಮವ್ವ ಕೊಡದ ಸಮೇತ ಓಡಿ ಬಂದಳು.

“ಏನಾತ್ರಿ ಅಕ್ಕಾರ? ಎಲ್ಲಿ ಹಾಕ್ಲಿ ನೀರ?”

“ಬ್ಯಾಡ ಬೇ. ಇದಕ್ಕ ನೀರ ಬೇಕಾಗೂದಿಲ್ಲ.”

“ಮತ್ತ ಯಾಕ ನಿಂತೀರಿ?”

ನಿನ್ನ ಸಲುವಾಗಿ ಎನ್ನಲು ಜಿನಮತಿಗೆ ಬಾಯಿ ಬರಲಿಲ್ಲ.

“ಹಂಗ... ಆರಾಮ ಅದಿ?”

“ಆರಾಮ ಅದೀನ್ರಿ. ನೀವು?”

“ಹೂಂ.”

ಕಾರು ಗುಂಯ್ ಎನ್ನುತ್ತಲೇ ಇತ್ತು. ರುಕ್ಮವ್ವ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

“ನಡ್ರಿ ಅಕ್ಕಾರ, ಗಾಡಿ ಚಾಲೂ ಐತಿ. ನನ್ನಿಂದ ನಿಮಗ ತಡಾ ಆಗೂದ ಬ್ಯಾಡ.”

ಜಿನಮತಿ ಹತ್ತಿ ಕೂತಳು.

“ನೋಡ್ರಿ ಕಾಕಿ,” ಎಂದ ಕಾಕಾಸಾಹೇಬ, ಗೇರು ಬದಲಿಸುತ್ತ, “ಹಳೇ ಡಬ್ಬಾಕ್ಕಿಂತ ಅರ್ಧಾ ತಾಸು ಉಳಿತೈತಿ.”

“ಹೌದಪಾ, ಉಳಿತೈತಿ.”

ಬೆಳಗಾವಿ ಮುಟ್ಟಿದಾಗ ದವಾಖಾನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಕಾಕಾಸಾಹೇಬ ಚಹಾಕ್ಕೆ ಹೋದ. ಜಿನಮತಿ ಹೊರಗಿನ ಬಾಕಿನ ಮೇಲೆ, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.