ಮೊಮ್ಮಗಳು ಮುಳುಗಿದಾಗ ಹಗ್ಗ ಹಿಡಿದದ್ದು

ನನ್ನ ಮೊಮ್ಮಗಳು ಸಮುದ್ರದೊಳಗೆ ಮುಳುಗಿ ಆಮೆಯ ಫೋಟೋ ತೆಗೆದಿದ್ದಾಳೆ. ಆಮೆ ಅಂದರೆ ನಮ್ಮ ಗದ್ದೆಯ ಬದುವಿನಲ್ಲಿ ಸಿಗುವ ಅಂಗೈಯಗಲದ ಆಮೆಯಲ್ಲ, ರಾಗಿ ಕೇರುವ ಮೊರಕ್ಕಿಂತ ದೊಡ್ಡದು. ಈ ಸುದ್ದಿಯನ್ನು ಅಜ್ಜಂಪುರದ ಹೋಟೆಲಿನಲ್ಲಿ ಹೇಳಿದ್ದೇನೆ, ತರೀಕೆರೆ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ಕಡೂರಿನ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವವನಿಗೂ ಹೇಳಿ ಬೈಸಿಕೊಂಡಿದ್ದೇನೆ. ಎಷ್ಟು ಹೇಳಿದರೂ ತಣಿಯುತ್ತಿಲ್ಲ, ಅದಕ್ಕೇ ಬರೆಯಲು ಕೂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಬಾಯಲ್ಲಿ ಹೇಳುವಾಗ ನಾನು ಆಮೆಯದ್ದಷ್ಟೇ ಹೇಳುತ್ತೇನೆ. ಆಮೆ ಕಾಣುವುದಕ್ಕೆ ಮುಂಚೆ ದೋಣಿಯ ಮೇಲೆ ನಾನು ಪಟ್ಟ ಪಾಡನ್ನು ಯಾರಿಗೂ ಹೇಳಿಲ್ಲ. ಅದನ್ನು ಹೇಳಬೇಕಾದರೆ ನಮ್ಮ ಕೆರೆಯಿಂದ ಶುರು ಮಾಡಬೇಕು.

ನಾನು ನಮ್ಮೂರ ನೀರುಗಂಟಿಯಾಗಿದ್ದವನು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು, ಕಟ್ಟುವುದು ನನ್ನ ಕೆಲಸವಾಗಿತ್ತು. ನಮ್ಮದು ಬುಕ್ಕಾಂಬುಧಿ ಕೆರೆಯಷ್ಟು ದೊಡ್ಡದಲ್ಲ, ಆದರೆ ತೂಬಿನ ಹತ್ತಿರ ಆಳ. ಮಳೆಗಾಲ ಕಳೆದ ಮೇಲೆ ತೂಬಿನ ಬಾಯಿಗೆ ಕೊಂಬೆ, ಜೊಂಡು ಬಂದು ಸಿಕ್ಕಿಕೊಳ್ಳುತ್ತಿತ್ತು. ಮುಳುಗಿ ಬಿಡಿಸಬೇಕು. ಬಿಡಿಸಿದ ಕೂಡಲೇ ನೀರು ಮನುಷ್ಯನನ್ನೂ ಒಳಕ್ಕೆ ಎಳೆಯುತ್ತದೆ. ಅದಕ್ಕೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗುವುದು, ಇನ್ನೊಂದು ತುದಿಯನ್ನು ಏರಿಯ ಮೇಲೆ ಮನೆಯವರು ಹಿಡಿಯುವುದು. ಹೊರಗಿನವರ ಕೈಗೆ ಕೊಡುವಂತಿಲ್ಲ. ಹಗ್ಗ ಹಿಡಿದವರು ಕೂರಬಾರದು, ಮಾತಾಡಬಾರದು, ಬಾಯಲ್ಲಿ ಎಲೆ ಅಡಿಕೆ ಇರಬಾರದು, ಮುಳುಗಿದವನನ್ನು ಕೂಗಬಾರದು. ಕೆಳಗಿನಿಂದ ಒಂದು ಸಲ ಎಳೆದರೆ ಚೆನ್ನಾಗಿದ್ದೇನೆ ಎಂದು. ಎರಡು ಸಲ ಎಳೆದರೆ ಮೇಲೆತ್ತು ಎಂದು. ನಮ್ಮಪ್ಪನಿಗೆ ನಮ್ಮವ್ವ ಹಿಡಿದಳು. ನನಗೆ ನನ್ನ ಹೆಂಡತಿ ಹಿಡಿದಳು.

ಮೊಮ್ಮಗಳು ಈ ಕಥೆ ಕೇಳಿಕೊಂಡೇ ಬೆಳೆದವಳು. ಈಗ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಡಂ. ರಜೆಯಲ್ಲಿ ಹೋಗಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿತು ಬಂದಿದ್ದಳು. ಸಮುದ್ರವನ್ನೇ ಕಾಣದ ಮಕ್ಕಳಿಗೆ ತಾನೇ ತೆಗೆದ ಮೀನಿನ ಫೋಟೋ ತೋರಿಸಬೇಕು ಎಂಬುದು ಅವಳ ಹಟ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗುತ್ತೇನೆ, ನೀವಿಬ್ಬರೂ ಬನ್ನಿ ಎಂದಳು.

ನನ್ನ ಹೆಂಡತಿಗೆ ತರೀಕೆರೆ ದಾಟುವಷ್ಟರಲ್ಲಿ ಬಸ್ಸು ತಲೆ ಸುತ್ತಿಸುತ್ತದೆ. ಅವಳು ಒಲೆ ಮುಂದಿನಿಂದ ಏಳಲೇ ಇಲ್ಲ.

"ನೀವೇ ಹೋಗಿ. ಅಷ್ಟು ವರ್ಷ ಏರಿ ಮೇಲೆ ನಾನು ನಿಂತ್ಕಂಡಿದ್ದೆ. ಈಗ ನೀವು ನಿಂತ್ಕಳಿ, ಗೊತ್ತಾಗ್ತೈತೆ."

"ಏನೇ ಗೊತ್ತಾಗೋದು? ಹಗ್ಗ ಹಿಡಿಯೋದು ಒಂದು ಕೆಲಸವೇನೇ?"

"ಅದ್ಕೇ ಹೋಗಿ ಅಂದಿದ್ದು."

ನಾನು ಹೊಸೆದ ತೆಂಗಿನ ನಾರಿನ ಹಗ್ಗವನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ದೋಣಿ ಹೊರಟು ಸ್ವಲ್ಪ ಹೊತ್ತಿಗೆ ದಡ ಕಾಣದಂತಾಯಿತು. ಕೆರೆಗೆ ಏರಿಯಿದೆ, ಕೋಡಿಯಿದೆ, ಆಚೆ ದಡದಲ್ಲಿ ಯಾರದೋ ಎಮ್ಮೆ ಕಾಣುತ್ತದೆ. ಇದಕ್ಕೆ ಏನೂ ಇರಲಿಲ್ಲ. ದ್ವೀಪದ ಹತ್ತಿರ ಲಂಗರು ಹಾಕಿ ನಿಲ್ಲಿಸಿದರು. ನೀರು ಕಪ್ಪುನೀಲಿ. ಮೊಮ್ಮಗಳು ರಬ್ಬರಿನ ಬಟ್ಟೆ ತೊಟ್ಟು, ಕಾಲಿಗೆ ಬಾತುಕೋಳಿಯ ಪಾದದಂಥದ್ದು ಹಾಕಿಕೊಂಡು, ಗಾಜಿನ ಡಬ್ಬಿಯೊಳಗಿನ ಕ್ಯಾಮೆರಾವನ್ನು ಕೈಗೆ ಕಟ್ಟಿಕೊಂಡಳು. ನಾನು ಚೀಲದಿಂದ ಹಗ್ಗ ತೆಗೆದೆ.

ಅವಳ ಜೊತೆ ಇಳಿಯಲಿದ್ದ, ಮುಳುಗುವುದನ್ನು ಕಲಿಸುವ ಮೇಷ್ಟ್ರು ಅದನ್ನು ನೋಡಿ ನಗಲಿಲ್ಲ. "ಬೇಡ ಅಜ್ಜಾರೇ. ಕೆಳಗೆ ಬಂಡೆ ಉಂಟು. ಹಗ್ಗ ಸಿಕ್ಕಿಬಿದ್ರೆ ಅಪಾಯ," ಎಂದರು.

"ಹಗ್ಗ ಇಲ್ದೆ ನಾನು ಇವಳನ್ನ ಬಿಡಲ್ಲ ಕಣ್ರೀ."

ಮೊಮ್ಮಗಳು ನನ್ನ ಕೈ ಹಿಡಿದು ದೋಣಿಯ ಮೂತಿಗೆ ಕರೆದುಕೊಂಡು ಹೋದಳು. ಅಲ್ಲಿ ಲಂಗರಿನ ಹಗ್ಗ ನೀರಿಗಿಳಿದಿತ್ತು. "ತಾತ, ನಾವು ಇದನ್ನ ಹಿಡ್ಕಂಡೇ ಇಳಿಯೋದು. ತಳ ಮುಟ್ಟಿದ ಮೇಲೆ ಒಂದು ಸಲ ಎಳೀತೀನಿ. ಆಯ್ತಾ?"

ಆಯ್ತು ಎಂದೆ. ಬಾಯಲ್ಲಿದ್ದ ಅಡಿಕೆಯನ್ನು ಉಗಿದು, ಎರಡೂ ಕೈಯಿಂದ ಆ ಹಗ್ಗ ಹಿಡಿದು ನಿಂತೆ.

ಅವಳು ಹಿಂದಕ್ಕೆ ಮಗುಚಿ ಬಿದ್ದಳು. ಅವಳ ತಲೆ ಒಂದು ಸಲ ಕಂಡಿತು, ಆಮೇಲೆ ಇಲ್ಲ. ಗುಳ್ಳೆ ಏಳತೊಡಗಿತು. ನಮ್ಮ ಕೆರೆಯಲ್ಲಿ ಗುಳ್ಳೆ ಎದ್ದರೆ ಹೆಂಗಸರು ಬಾಯಿ ಬಡಿದುಕೊಳ್ಳುತ್ತಾರೆ. ಮುಳುಗಿದವನ ಉಸಿರು ಕೈಬಿಟ್ಟಿತು ಎಂದೇ ಅದರ ಅರ್ಥ. ದೋಣಿ ನಡೆಸುವವನು ನನ್ನ ಮುಖ ನೋಡಿ, "ಹೆದರ್ಬೇಡಿ, ಗುಳ್ಳೆ ಬಂದ್ರೆ ಉಸಿರಾಡ್ತಿದ್ದಾರೆ ಅಂತ. ಬರದಿದ್ರೆ ಮಾತ್ರ ನೋಡ್ಬೇಕು," ಎಂದ. ಅಷ್ಟರಲ್ಲಿ ಕೆಳಗಿನಿಂದ ಹಗ್ಗ ಒಂದು ಸಲ ಜಗ್ಗಿತು. ನನ್ನ ಮೊಮ್ಮಗಳ ಕೈ! ಆ ಒಂದು ಗಳಿಗೆ ನಾನು ಬದುಕಿದೆ.

ಆಮೇಲೆ ಗುಳ್ಳೆಗಳು ಹಗ್ಗ ಬಿಟ್ಟು ದೂರ ಸರಿದವು. ಬಂಡೆಯ ಕಡೆಗೆ ಹೋದವು. ಅಲ್ಲಿ ಅಲೆ ಬಡಿದು ನೊರೆಯೇ ನೊರೆ. ಯಾವುದು ಗುಳ್ಳೆ, ಯಾವುದು ನೊರೆ ಎಂದು ತಿಳಿಯದಂತಾಯಿತು. ನೋಡಿಯೇ ನೋಡಿದೆ. ಕಣ್ಣಲ್ಲಿ ನೀರು ತುಂಬಿ ಅದೂ ಕಾಣದಾಯಿತು.

"ಎಂತ ಅಜ್ಜಾರೇ, ವಾಂತಿ ಬರ್ತದಾ? ಕೂತ್ಕೊಳ್ಳಿ," ಎಂದ ದೋಣಿಯವನು. ನಾನು ಮಾತಾಡಲಿಲ್ಲ. ಹಗ್ಗ ಹಿಡಿದಿದ್ದೆನಲ್ಲ. "ಲಿಂಬೆಹಣ್ಣು ಮೂಸಿ," ಎಂದು ಮೂಗಿನ ಹತ್ತಿರ ತಂದ. ತಲೆ ಆಡಿಸಿದೆ. ಗುಳ್ಳೆ ಎಲ್ಲಿ ಎಂದು ಕೇಳಿದ್ದರೆ ಅವನು ಹೇಳುತ್ತಿದ್ದನೋ ಏನೋ. ಕೇಳಲು ಬಾಯಿ ತೆರೆಯುವಂತಿಲ್ಲ. ಒಬ್ಬಳೇ ಮೊಮ್ಮಗಳು. ಈ ನೀರಿಗೆ ತಳವಿದೆಯೋ ಇಲ್ಲವೋ. ಊರಿಗೆ ಹೋಗಿ ಅವಳಮ್ಮನಿಗೆ ಏನು ಹೇಳಲಿ? ಒಲೆ ಮುಂದೆ ಕೂತವಳಿಗೆ ಏನು ಹೇಳಲಿ?

ಆಗ ಹಗ್ಗ ಜಗ್ಗಿತು. ಒಂದು. ತಡೆದು, ಇನ್ನೊಂದು.

ಮುಂದೆ ನನಗೆ ಏನೂ ತೋಚಲಿಲ್ಲ. ಕಾಲನ್ನು ದೋಣಿಯ ಅಂಚಿಗೆ ಒತ್ತಿ ಕೊಟ್ಟು, ಎಪ್ಪತ್ತು ದಾಟಿದ ಮೈಯಲ್ಲಿ ಇದ್ದಬದ್ದ ಬಲವನ್ನೆಲ್ಲ ಹಾಕಿ ಎಳೆದೆ. ಹಗ್ಗ ಬರಲಿಲ್ಲ. ಬಂಡೆಗೆ ಸಿಕ್ಕಿಕೊಂಡಿದ್ದಾಳೆ ಎಂದೇ ತಿಳಿದೆ. ತೂಬು ಎಳೆದುಕೊಳ್ಳುವಾಗ ಹಗ್ಗ ಹೀಗೇ ಬಿಗಿಯುತ್ತದೆ. ಮತ್ತೆ ಎಳೆದೆ. ಅಂಗೈ ಸುಲಿಯಿತು.

"ಅಯ್ಯೋ ಮಾರಾಯ್ರೇ, ಬಿಡಿ! ಲಂಗರು ಕಿತ್ತು ಬಂದ್ರೆ ದೋಣಿ ಹೋಗಿ ಕಲ್ಲಿಗೆ ಹೊಡೀತದೆ!" ದೋಣಿಯವನು ನನ್ನ ಸೊಂಟ ತಬ್ಬಿ ಹಿಂದಕ್ಕೆ ಎಳೆದ. ನಾನು ಬಿಡಲಿಲ್ಲ. "ಅದು ಅಲೆ ಅಜ್ಜಾರೇ! ದೋಣಿ ಏರಿಳಿದ್ರೆ ಹಗ್ಗ ಜಗ್ತದೆ!"

ಕೇಳಿಸಿತು, ಆದರೆ ಕೈ ನಂಬಲಿಲ್ಲ. ಹುಟ್ಟಿದಾಗಿನಿಂದ ಅಲೆಯಿಲ್ಲದ ನೀರು ಕಂಡ ಕೈ ಅದು. ಕೊನೆಗೆ, ಯಾವತ್ತೂ ಮಾಡಬಾರದ್ದನ್ನೂ ಮಾಡಿದೆ. ನೀರಿನ ಕಡೆ ಬಗ್ಗಿ, "ಮಗಾ! ಮೇಲೆ ಬಾರೇ ಮಗಾ!" ಎಂದು ಅರಚಿದೆ. ದ್ವೀಪದ ಹಕ್ಕಿಗಳೆಲ್ಲ ಎದ್ದವು. ನೀರು ಹಾಗೇ ಇತ್ತು.

ಎಷ್ಟು ಹೊತ್ತು ಹಾಗೆ ಬಗ್ಗಿದ್ದೆನೋ. ಬೆನ್ನ ಹಿಂದಿನಿಂದ, ದೋಣಿಯ ಆಚೆ ಮಗ್ಗುಲಿನಿಂದ ಮಾತು ಬಂತು.

"ತಾತ, ಯಾರನ್ನ ಕರೀತಿದೀಯ? ನಾನಿಲ್ಲಿದೀನಿ."

ತಿರುಗಿದರೆ ಎರಡು ತಲೆ. ಒಂದು ಮೇಷ್ಟ್ರದು, ಒಂದು ನನ್ನ ಬಂಗಾರದ್ದು. ಮುಖಕ್ಕೆ ಮುಳುಗುವ ಕನ್ನಡಕ ಒತ್ತಿ ಕೆಂಪು ಬರೆ ಬಿದ್ದಿತ್ತು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ಹಗ್ಗ ಬಿಟ್ಟೆ. ಆಗ ಕೂತೆ. ಅತ್ತೆ. ಅಳುತ್ತಲೇ ಬೈದೆ. ಬೈಯುತ್ತಲೇ ಅವಳ ಒದ್ದೆ ತಲೆಯನ್ನು ನನ್ನ ಪಂಚೆಯಲ್ಲಿ ಒರೆಸಿದೆ. ದೋಣಿಯವನು ಆ ಲಿಂಬೆಹಣ್ಣನ್ನು ಹಿಂಡಿ ನನಗೊಂದು ಲೋಟ ಪಾನಕ ಮಾಡಿಕೊಟ್ಟ.

"ಎರಡು ಸಲ ಎಳೆದೆಯಲ್ಲೇ!"

"ನಾನಾ? ನಾನು ಬಂಡೆ ಹಿಂದೆ ಆಮೆ ನೋಡ್ತಾ ಮಲಗಿದ್ದೆ ತಾತ. ಅದು ಪಾಚಿ ಮೇಯ್ತಿತ್ತು, ನಮ್ಮ ಎಮ್ಮೆ ಥರ. ವಾಪಸ್ ಬರೋವಾಗ ನೋಡಿದ್ರೆ ಹಗ್ಗ ಕುಣೀತಾ ಐತೆ. ನಮ್ಮ ತಾತಂದೇ ಕೆಲಸ ಅಂದ್ಕಂಡೆ."

ಆಮೇಲೆ ಕ್ಯಾಮೆರಾದ ಪುಟ್ಟ ಗಾಜಿನಲ್ಲಿ ಒಂದೊಂದೇ ತೋರಿಸಿದಳು. ಹಳದಿ ಪಟ್ಟೆಯ ಮೀನು, ಗಿಣಿಯ ಕೊಕ್ಕಿನ ಹಸಿರು ಮೀನು, ಬಂಡೆಯ ಸಂದಿಯಿಂದ ಇಣುಕುವ ಹಾವಿನಂಥದ್ದು. ಆಮೇಲೆ ಆಮೆ. ಅದರ ಕಣ್ಣಿನ ಸುತ್ತ ನನ್ನ ಕಣ್ಣಿನ ಸುತ್ತ ಇರುವಷ್ಟೇ ಸುಕ್ಕು.

"ತಾತ, ಇನ್ನೊಂದು ಸಲ ಇಳೀಬೇಕು. ನೀನು ಬ್ಯಾಡ ಅಂದ್ರೆ ಹೋಗಲ್ಲ," ಎಂದಳು.

ಬೇಡ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನನ್ನ ಹೆಂಡತಿ ಏರಿಯ ಮೇಲೆ ನಿಂತು ಒಂದು ಸಲವೂ ಆ ಮಾತು ಆಡಿರಲಿಲ್ಲ. "ಹೋಗ್ಬಾ," ಎಂದೆ. ಮತ್ತೆ ಹೋಗಿ ಹಗ್ಗದ ಹತ್ತಿರ ನಿಂತೆ. ದೋಣಿಯವನೂ ಬಂದು ನನ್ನ ಪಕ್ಕದಲ್ಲೇ ನಿಂತ. ಲಂಗರಿನ ಮೇಲೆ ಅವನಿಗೆ ಅಷ್ಟು ಆಸೆ. ಹಗ್ಗ ಜಗ್ಗಿದಾಗಲೆಲ್ಲ ನನ್ನ ಪ್ರಾಣವೂ ಜಗ್ಗಿತು, ಆದರೆ ಎಳೆಯಲಿಲ್ಲ.

ಊರಿಗೆ ಬಂದ ಮೇಲೆ ಮೊಮ್ಮಗಳು ಟೀವಿಗೆ ತಂತಿ ಸಿಕ್ಕಿಸಿ ಫೋಟೋಗಳನ್ನೆಲ್ಲ ಅಜ್ಜಿಗೆ ತೋರಿಸಿದಳು. ಆಮೆ ಬಂದಾಗ ನಾನು ಎದ್ದು ನಿಂತು, ಇದೇ, ಇದೇ ಎಂದೆ. ನನ್ನ ಹೆಂಡತಿ ಆಮೆಯನ್ನು ನೋಡಿ, ಚೆನ್ನಾಗೈತೆ ಎಂದಳು ಅಷ್ಟೆ. ಕಡೆಯದೊಂದು ಫೋಟೋ ಬಂತು. ಅದನ್ನು ನಾನೂ ನೋಡಿರಲಿಲ್ಲ. ಕೆಳಗಿನಿಂದ ಮೇಲಕ್ಕೆ ತೆಗೆದದ್ದು. ನೀಲಿ ನೀರಿನಲ್ಲಿ ಹಗ್ಗ ಮೇಲೆ ಹೋಗುತ್ತದೆ, ಅದರ ತುದಿಯಲ್ಲಿ ದೋಣಿಯ ಕಪ್ಪು ಹೊಟ್ಟೆ, ಅದರ ಅಂಚಿನಲ್ಲಿ ನಡುಗುವ ಸಣ್ಣದೊಂದು ನೆರಳು. ನೀರಿನ ಕಡೆ ಬಗ್ಗಿದ ಮನುಷ್ಯ.

ನನ್ನ ಹೆಂಡತಿ ಎದ್ದು ಟೀವಿಯ ಹತ್ತಿರ ಹೋದಳು. ಆ ನೆರಳನ್ನು ಬೆರಳಲ್ಲಿ ಮುಟ್ಟಿದಳು. ಗೊತ್ತಾಯ್ತಾ ಎಂದು ಚುಚ್ಚುತ್ತಾಳೆ ಎಂದು ಕಾದೆ. ಚುಚ್ಚಲಿಲ್ಲ.

"ನಾನೂ ಕೆಳಗಿಂದ ಹಿಂಗೇ ಕಾಣ್ತಿದ್ನಾ?"

"ನಮ್ಮ ಕೆರೆ ನೀರು ಕೆಮ್ಮಣ್ಣು ಕಣೇ. ಕಣ್ಣು ಬಿಟ್ರೂ ಏನೂ ಕಾಣ್ತಿರ್ಲಿಲ್ಲ. ಹಗ್ಗ ಒಂದು ಗೊತ್ತಾಗ್ತಿತ್ತು."

ಅವಳು ನನ್ನ ಸುಲಿದ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿ, ಕೊಬ್ಬರಿ ಎಣ್ಣೆ ತರಲು ಒಳಗೆ ಹೋದಳು.

"ಗೊತ್ತಾಗ್ತಿತ್ತಲ್ಲ, ಸಾಕು ಬಿಡಿ," ಎಂದಳು ಒಳಗಿನಿಂದ.