ಬಾತುಕೋಳಿ ಲಾಟೀನು

ಮಾಕ್ ಸು ಕಲ್ಸೋಮ್ ಲಾಟೀನು ಕೊಳ್ಳುವುದನ್ನು ಮೊದಲ ಸಲ ನೋಡಿದವರಿಗೆ ನಾಚಿಕೆಯಾಗುತ್ತದೆ. ನನಗಂತೂ ಆಯಿತು. ಕಾಜಾಂಗ್ ಪೇಟೆಯ ಕ್ಯಾಂಪಿಂಗ್ ಸಾಮಾನಿನ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಬೀಳಲೆಂದು ಒಂದು ಟೆಂಟು ನಿಲ್ಲಿಸಿದ್ದರು. ಅವರು ಚಪ್ಪಲಿ ಹೊರಗೆ ಬಿಟ್ಟು, ಐದು ವರ್ಷದ ನನ್ನ ಮಗಳು ಸುರಯಾಳನ್ನೂ ಕರೆದುಕೊಂಡು ಅದರೊಳಗೆ ತೆವಳಿ ಹೋದರು. ಕಪಾಟಿನಲ್ಲಿದ್ದ ಲಾಟೀನುಗಳನ್ನೆಲ್ಲ ಬುಟ್ಟಿಯಲ್ಲಿ ಒಳಗೆ ತರಿಸಿಕೊಂಡರು. ಜಿಪ್ ಎಳೆದರು. ಆಮೇಲೆ ಕೂಗಿದರು:

"ತೌಕೆ, ಅಂಗಡಿ ದೀಪ ಎಲ್ಲಾ ಆರಿಸಿ."

ತೌಕೆ, ಅಂದರೆ ಅಂಗಡಿಯ ಯಜಮಾನ, ಗಲ್ಲಾದಿಂದ ತಲೆಯೆತ್ತಿದ. "ಸೋಮ್ ಅಕ್ಕಾ, ಬೇರೆ ಗಿರಾಕಿಗಳಿದ್ದಾರೆ."

"ಅವರೂ ನೋಡ್ಲಿ ಬಿಡಿ. ಬೆಳಕಲ್ಲಿ ಲಾಟೀನು ಆಯ್ಕೊಳ್ಳೋದೂ ಒಂದೇ, ವಾಸನೆ ನೋಡಿ ಕೊಳ್ಳೋ ದುರಿಯಾನ್ ಹಣ್ಣನ್ನ ಮೂಗು ಮುಚ್ಕೊಂಡು ಆಯ್ಕೊಳ್ಳೋದೂ ಒಂದೇ."

ಅವರೊಡನೆ ವಾದ ಮಾಡಿ ಸೋತ ಅನುಭವ ಅವನಿಗೆ ಹಳೆಯದಿರಬೇಕು. ದೀಪ ಆರಿಸಿಬಿಟ್ಟ.

ನಾನು ಒಂದು ವರ್ಷದ ಲುತ್ಫಿಯನ್ನು ಸೊಂಟದ ಮೇಲೆ ಹೊತ್ತು, ಮಗಳ ಅಳು ಈಗ ಬಂತು, ಇನ್ನೇನು ಬಂತು ಎಂದು ಕಾಯುತ್ತ ನಿಂತೆ. ಸುರಯಾಳಿಗೆ ಕತ್ತಲೆಂದರೆ ಭಯ. ಹಿಂದಿನ ಶಾಲಾ ರಜೆಯಲ್ಲಿ ಹುಲು ಲಂಗಾತ್‌ನ ಹೊಳೆ ದಂಡೆಗೆ ಗಂಡನ ಮನೆಯ ಎಲ್ಲರ ಜೊತೆ ಹೋಗಿದ್ದೆವು. ಮುಸ್ಸಂಜೆ ಕವಿಯುತ್ತಿದ್ದಂತೆ ಶುರುವಾದ ಅಳು ನಿಲ್ಲಲಿಲ್ಲ. ಒದ್ದೆ ಟೆಂಟನ್ನು ಹಾಗೆಯೇ ಮುದುರಿ ಕಾರಿಗೆ ತುರುಕಿ ಕೌಲಾಲಂಪುರದ ನಮ್ಮ ಫ್ಲಾಟಿಗೆ ಹೊರಟೆವು. ಹಿಂದಿನ ಗಾಜಿನಲ್ಲಿ ಉಳಿದ ಮಕ್ಕಳು ಬೆಂಕಿಯ ಸುತ್ತ ಕುಣಿಯುವುದು ಕಾಣುತ್ತಿತ್ತು. ಅದನ್ನೇ ನೋಡುತ್ತ ಸುರಯಾ ಕೇಳಿದಳು: "ಅಮ್ಮಾ, ದೊಡ್ಡವಳಾದ ಮೇಲೂ ನಾನು ಹೀಗೇ ಹೆದರ್ತೀನಾ?"

ಆ ಪ್ರಶ್ನೆ ನನ್ನನ್ನು ಬಿಟ್ಟು ಹೋಗಿರಲಿಲ್ಲ. ಈ ಸಲ ಅವಳು ಒಂದೇ ಒಂದು ರಾತ್ರಿ ಟೆಂಟಿನಲ್ಲಿ ಅಳದೆ ಮಲಗಿಬಿಟ್ಟರೆ ಸಾಕಿತ್ತು ನನಗೆ. ಆದರೆ ದಾರಿ ಗೊತ್ತಿರಲಿಲ್ಲ. ನಾನು ಬೆಳೆದದ್ದು ಹನ್ನೊಂದನೇ ಮಹಡಿಯಲ್ಲಿ. ಪರದೆ ಎಳೆದರೂ ಒಳಗೆ ಬರುವ ಬೀದಿ ದೀಪದಲ್ಲಿ. ನಿಜವಾದ ಕತ್ತಲನ್ನು ನಾನೇ ಸರಿಯಾಗಿ ಕಂಡಿರಲಿಲ್ಲ.

ಅದಕ್ಕೇ ಮಾಕ್ ಸು ಹಿಂದೆ ಬಿದ್ದಿದ್ದೆ. ಅವರು ನನ್ನ ಮಾವನ ಕಡೇ ತಂಗಿ. ನಮಗೆ ಮಾಕ್ ಸು, ಅಂದರೆ ಕಿರಿಯತ್ತೆ; ಮಕ್ಕಳಿಗೆ ತೋಕ್ ಸು, ಕಿರಿಯಜ್ಜಿ. ಮದುವೆಯಾಗಲಿಲ್ಲ, ಯಾಕೆಂದು ಕೇಳಿದರೆ, "ವ್ಯಾನಲ್ಲಿ ಗಂಡನಿಗೆ ಸೀಟಿರಲಿಲ್ಲ" ಎನ್ನುತ್ತಾರೆ. ಶಾಲಾ ಮಕ್ಕಳ ವ್ಯಾನು ಓಡಿಸುವುದು ಅವರ ಕೆಲಸ. ರಜೆ ಬಂತೆಂದರೆ ಹಿಂದಿನ ಸೀಟುಗಳನ್ನು ಕಳಚಿ, ಪಾತ್ರೆ, ಚಾಪೆ, ಟಾರ್ಪಾಲು, ಅಣ್ಣಂದಿರ ಮಕ್ಕಳು ಮೊಮ್ಮಕ್ಕಳು ಎಲ್ಲವನ್ನೂ ತುಂಬಿಕೊಂಡು ಹೊಳೆಗೆ ಹೊರಡುತ್ತಾರೆ. ಅಡ್ಡ ಬಂದ ಲಾರಿಯವನನ್ನು ಕೆಳಗಿಳಿಸಿ ಬೈದವರು. ಬಚ್ಚಲಿಗೆ ಬಂದ ಹಾವನ್ನು ಪೊರಕೆಯಲ್ಲಿ ಎತ್ತಿ ಆಚೆ ಹಾಕಿ, ಕೈ ತೊಳೆದು ಊಟ ಮುಂದುವರಿಸಿದವರು. ಹೆದರಿಕೆ ಎಂಬುದೇ ಆಕೆಗೆ ಇಲ್ಲ ಎಂದು ನಮ್ಮ ಮನೆಯಲ್ಲಿ ಮಾತು.

ಟೆಂಟಿನ ಬಟ್ಟೆಯ ಮೇಲೆ ಬಿಳಿ ಬೆಳಕು ಛಳ್ಳೆಂದು ಹರಡಿತು.

"ಇದು ಆಸ್ಪತ್ರೆ," ಒಳಗಿನಿಂದ ಮಾಕ್ ಸು ಧ್ವನಿ. ಸುರಯಾಳ ಕಿಸಕ್ಕನೆ ನಗು.

ಬೆಳಕು ಆರಿತು. ಇನ್ನೊಂದು ಹತ್ತಿತು, ನೀಲಿ ಬೆರೆತದ್ದು.

"ಇದು ಪೊಲೀಸ್ ಠಾಣೆ. ಮುಂದಿಂದು ನೀನು ಹಾಕು."

ಹಳದಿ ಬೆಳಕು, ಮೆಲ್ಲಗೆ, ಅಂಗೈಯಷ್ಟು.

"ತೋಕ್ ಸು, ಇದು ತಿಂಡಿ ತಿನ್ನೋ ಹೊತ್ತು," ಎಂದಳು ಸುರಯಾ.

ಅದು ಬಾತುಕೋಳಿ ಆಕಾರದ, ರಬ್ಬರಿನ ಪುಟ್ಟ ದೀಪ. ಅದನ್ನೇ ಕೊಂಡೆವು. ಮಾಕ್ ಸು ಗ್ಯಾಸ್ ಡಬ್ಬಿಗೆ ಚೌಕಾಸಿ ಮಾಡುತ್ತಿದ್ದಾಗ ನಾನು ಸದ್ದಿಲ್ಲದೆ ಆ ಬಿಳಿಯ ದೊಡ್ಡ ಲಾಟೀನನ್ನೂ ಚೀಲಕ್ಕೆ ಹಾಕಿಸಿಕೊಂಡೆ. ಆಸ್ಪತ್ರೆಯೇ ಆಗಲಿ, ಆಸ್ಪತ್ರೆಯಲ್ಲಿ ಯಾರೂ ಕಾಣೆಯಾಗುವುದಿಲ್ಲ. ಜೊತೆಗೆ ಮಕ್ಕಳ ಕೊರಳಿಗೆ ಸೀಟಿ, ಸೊಳ್ಳೆ ಎಣ್ಣೆ, ಗಟ್ಟಿ ನೈಲಾನ್ ಹಗ್ಗ, ಜ್ವರ ನೋಡುವ ಕಡ್ಡಿ.

"ಹೊಳೆಗೆ ಹೋಗ್ತಿರೋದಾ, ಹೆರಿಗೆಗಾ?" ಎಂದರು ಮಾಕ್ ಸು.

ಶನಿವಾರ ಹೊಳೆ ದಂಡೆಯಲ್ಲಿ ಟೆಂಟು ಹಾಕಿದೆವು. ಮಧ್ಯಾಹ್ನ ಮಳೆ ಹೊಯ್ಯಿತು. ಮಾಕ್ ಸು ತಾವು ಹಗ್ಗಕ್ಕೆ ಹಾಕಿದ ಗಂಟನ್ನು ಹೊಗಳಿಕೊಳ್ಳುತ್ತಿರುವಾಗಲೇ ಅವರ ಟಾರ್ಪಾಲು ಬಿಚ್ಚಿಕೊಂಡು, ಅದರಲ್ಲಿ ನಿಂತಿದ್ದ ನೀರೆಲ್ಲ ನನ್ನ ಗಂಡ ಹಜ್ರಿನ್‌ನ ತಲೆಯ ಮೇಲೆ ದಬದಬನೆ ಸುರಿಯಿತು. ಕೆಳಗಿದ್ದ ಅವರ ಹಳೆಯ ಲಾಟೀನೂ ನೀರು ಕುಡಿದು ಸತ್ತಿತು.

"ಸ್ನಾನ ಆಯ್ತಲ್ಲ ನಿಂಗೆ," ಎಂದರು ಹಜ್ರಿನ್‌ಗೆ. ನನ್ನ ಕಡೆ ತಿರುಗಿ, "ನಿನ್ನ ಆ ಚಂದದ ಹಗ್ಗ ಕೊಡು ಇಲ್ಲಿ. ನಗಬೇಡ."

ನಾನು ನಕ್ಕೆ. ಹಗ್ಗ ಕೊಟ್ಟೆ. ಅದು ಕೊನೆತನಕ ಜಗ್ಗಲಿಲ್ಲ.

ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿದು, ಚಾಪೆಯ ಮೇಲೆ ಅನ್ನ, ಸುಟ್ಟ ಮೀನು, ಸಾಂಬಾಲ್ ಎಂಬ ಮೆಣಸಿನಕಾಯಿ ಚಟ್ನಿ ಬಂದವು. ಮರಗಳ ಬುಡದಲ್ಲಿ ಕತ್ತಲು ಕೂಡುತ್ತಿತ್ತು. ಸುರಯಾ ನನ್ನ ಅಂಗಿ ಹಿಡಿದು ಹಿಂಡುತ್ತಿದ್ದಳು. ನಾನು ನನ್ನ ದೊಡ್ಡ ಲಾಟೀನನ್ನು ಚಾಪೆಯ ಮೇಲಿನ ಕೊಂಬೆಗೆ ನೇತುಹಾಕಿ ಗುಂಡಿ ಒತ್ತಿದೆ. ಹೊಳೆಯ ಆಚೆ ದಡದ ಕಲ್ಲೂ ಬೆಳ್ಳಗೆ ಬೆಳಗಿತು. ನನಗೆ ಹೆಮ್ಮೆಯಾಯಿತು.

ಮೊದಲ ಹುಳು ಸಾಂಬಾಲಿಗೆ ಬಿತ್ತು. ಎರಡನೆಯದು ಹಜ್ರಿನ್‌ನ ಲೋಟಕ್ಕೆ. ನೋಡನೋಡುತ್ತಿದ್ದಂತೆ, ಮಳೆ ಬಿದ್ದ ಸಂಜೆ ನೆಲದಿಂದೇಳುವ ಈಸಲು ಹುಳುಗಳೆಲ್ಲ ಆ ಕಾಡಿನಿಂದ ನಮ್ಮ ಊಟಕ್ಕೇ ಬಂದವು. ತಲೆಗೂದಲಲ್ಲಿ, ಕಿವಿಯಲ್ಲಿ, ಅನ್ನದಲ್ಲಿ. ಲುತ್ಫಿ ಬಾಯಿ ತೆರೆದು ಒಂದನ್ನು ರುಚಿ ನೋಡಿಯೂಬಿಟ್ಟ.

"ಆರಿಸು, ಆರಿಸು," ಎಲ್ಲರದೂ ಒಂದೇ ಕೂಗು. ನನ್ನ ಕೈ ಏಳಲಿಲ್ಲ. ಆರಿಸಿದರೆ ಸುರಯಾ?

"ವರ್ದಾ," ಎಂದರು ಮಾಕ್ ಸು, ತಟ್ಟೆಯ ಮೇಲೆ ಕೈ ಮುಚ್ಚಿಕೊಂಡು, "ಮದುವೆ ಮನೆ ಹಾಗೆ ದೀಪ ಹಾಕಿ, ನೆಂಟರು ಬರಬೇಡಿ ಅಂದ್ರೆ ಹೆಂಗಮ್ಮಾ?"

ಆರಿಸಿದೆ. ಕತ್ತಲು ಒಮ್ಮೆಲೇ ಬಂದು ಕೂತಿತು. ನನ್ನ ಅಂಗಿ ಹಿಡಿದ ಮುಷ್ಟಿ ಇನ್ನೂ ಬಿಗಿಯಾಯಿತು.

"ಬಾತುಕೋಳಿ ಯಾರ ಹತ್ರ ಇದೆ?" ಮಾಕ್ ಸು ಕೇಳಿದರು. "ಯಾರ ಹತ್ರಾನೋ ಇರ್ಬೇಕು. ನಂಗೇನೂ ಕಾಣ್ತಿಲ್ಲ, ಮೀನು ಅಂತ ಹಜ್ರಿನ್ ಕೈ ಕಚ್ಚಿಬಿಡ್ತೀನಿ."

ನನ್ನ ಅಂಗಿಯನ್ನು ಹಿಡಿದಿದ್ದ ಮುಷ್ಟಿ ಸಡಿಲಿತು. ಟಿಕ್ ಎಂದಿತು. ಸುರಯಾಳ ಗಲ್ಲದ ಕೆಳಗೆ ಹಳದಿ ಬೆಳಕು.

"ಬೋಗುಣಿಯಲ್ಲಿ ನೀರು ಹಾಕಿ, ನಡುವೆ ಒಂದು ಕಲ್ಲಿಟ್ಟಿದ್ದೀನಿ. ಅಲ್ಲಿ ಕೂರಿಸು ಅದನ್ನ."

ಊಟದ ಚಾಪೆಯಿಂದ ದೂರ, ಬೋಗುಣಿಯ ನಡುವೆ ಬಾತುಕೋಳಿ ಕೂತಿತು. ಉಳಿದಿದ್ದ ಹುಳುಗಳು ಅದರತ್ತ ಹೋಗಿ ನೀರಿಗೆ ಬಿದ್ದವು. ಮಕ್ಕಳೆಲ್ಲ ಸುತ್ತ ಕುಕ್ಕರುಗಾಲಲ್ಲಿ ಕೂತು ಒಂದೊಂದು ಬಿದ್ದಾಗಲೂ ಹೋ ಎಂದರು. ಬೆನ್ನ ಹಿಂದೆ ಕಾಡಿನಷ್ಟು ಕತ್ತಲಿತ್ತು. ಸುರಯಾ ತಿರುಗಿಯೂ ನೋಡಲಿಲ್ಲ. "ಯಾರೂ ಮುಟ್ಟಬೇಡಿ, ಇದು ನಂದು," ಎಂದು ಯಜಮಾನಿಕೆ ನಡೆಸುತ್ತಿದ್ದಳು.

ಆದರೂ ಮಲಗುವ ಹೊತ್ತು ಬೇರೆಯೇ. ಟೆಂಟಿನಲ್ಲಿ ಅವಳು ದಿಂಬಿನ ಬಳಿ ಬಾತುಕೋಳಿಯನ್ನಿಟ್ಟುಕೊಂಡು ಕಣ್ಣು ಬಿಟ್ಟೇ ಮಲಗಿದ್ದಳು. ತುಟಿ ನಡುಗಲು ಶುರುವಾಗಿತ್ತು. ನಾನು ದೊಡ್ಡ ಲಾಟೀನಿನ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಆಗ ಹೊರಗಿನಿಂದ ಮಾಕ್ ಸು ಕರೆದರು.

"ಸುರಯಾ, ನಿನ್ನ ದೀಪ ಕೊಡ್ತೀಯಾ? ನಂದು ನೀರಲ್ಲಿ ಹೋಯ್ತು."

"ಯಾಕೆ ತೋಕ್ ಸು?"

"ನಂಗೆ ಕತ್ತಲಂದ್ರೆ ಭಯ."

"ಸುಳ್ಳು."

"ಸುಳ್ಳಲ್ಲ," ಎಂದ ಹಜ್ರಿನ್, ಮಗ್ಗುಲು ಬದಲಿಸುತ್ತ. "ಅವರ ಮನೇಲಿ ರಾತ್ರಿಯಿಡೀ ಅಡುಗೆಮನೆ ದೀಪ ಉರೀತಿರುತ್ತೆ. ನಾವು ಚಿಕ್ಕವರಿದ್ದಾಗ ಅವರ ಜೊತೆ ಮಲಗೋಕೆ ಸರದಿ ಮೇಲೆ ಹೋಗ್ತಿದ್ವಿ."

"ಮತ್ತೆ, ಇಷ್ಟು ಮಕ್ಕಳನ್ನ ಕಟ್ಕೊಂಡು ಯಾಕೆ ಬರ್ತೀನಿ ಅಂದ್ಕೊಂಡ್ರಿ?" ಹೊರಗಿನ ಧ್ವನಿಯಲ್ಲಿ ಸಂಕೋಚವೇನೂ ಇರಲಿಲ್ಲ. "ನಿಮ್ಮ ಮುಖದ ಚಂದಕ್ಕಾ?"

"ಮಾಕ್ ಸು, ನನ್ನ ಲಾಟೀನು ತಗೊಳ್ಳಿ," ಎಂದೆ.

"ಆಸ್ಪತ್ರೇಲಿ ನಂಗೆ ನಿದ್ದೆ ಬರಲ್ಲಮ್ಮಾ."

ಸುರಯಾ ಎದ್ದು ಕೂತಳು. ಬಾತುಕೋಳಿಯನ್ನು ನೋಡಿದಳು, ನನ್ನನ್ನು ನೋಡಿದಳು. "ದೀಪ ಕೊಡಲ್ಲ," ಎಂದಳು. "ನಾನೇ ಬರ್ತೀನಿ."

ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟಳು. ಹಳದಿ ಚುಕ್ಕೆಯೊಂದು ಒದ್ದೆ ಹುಲ್ಲಿನ ಮೇಲೆ, ಅವಸರವಿಲ್ಲದೆ, ಆಚೆ ಟೆಂಟಿನ ಕಡೆ ಹೋಯಿತು. ಜಿಪ್ಪಿನ ಸದ್ದು. ಆ ಟೆಂಟು ಒಳಗಿನಿಂದ ಮೆಲ್ಲಗೆ ಬೆಳಗಿತು.

ನಮ್ಮದರಲ್ಲಿ ಕಗ್ಗತ್ತಲು. "ದೀಪ ಹಾಕ್ಲಾ?" ಎಂದು ಹಜ್ರಿನ್‌ನನ್ನು ಕೇಳಿದೆ.

"ಹುಳ ಬರ್ತವೆ, ಮಲಕ್ಕೋ."

ಪರದೆ ಸರಿಸಿ, ಆ ಹಳದಿ ಟೆಂಟನ್ನು ನೋಡುತ್ತಲೇ ಯಾವಾಗಲೋ ನಿದ್ದೆ ಹೋದೆ.

ಬೆಳಗ್ಗೆ ಸುರಯಾ ಬಂದು ನನ್ನ ಹೊದಿಕೆ ಎಳೆದಳು. ಕೆದರಿದ ಕೂದಲು, ಕೈಯಲ್ಲಿ ಬಾತುಕೋಳಿ. ದೊಡ್ಡವರ ಗತ್ತಿನಲ್ಲಿ ಹೇಳಿದಳು: "ಅಮ್ಮಾ, ತೋಕ್ ಸು ಒಂದ್ಸಲಾನೂ ಅಳಲಿಲ್ಲ."

ಒಲೆಯ ಬಳಿ ಕಾಫಿ ಸೋಸುತ್ತಿದ್ದ ಮಾಕ್ ಸು ತಿರುಗಿ ನೋಡದೆಯೇ ಅಂದರು: "ಮುಂದಿನ ರಜೆಗೂ ಇವಳನ್ನ ಕಳಿಸು ವರ್ದಾ. ನಿಂಗೆ ಭಯ ಆದ್ರೆ ನೀನು ಮನೇಲಿರು."