ಪತ್ರಬರಹಗಾರ ಕರಿಬಸವಯ್ಯ ಸಹಿ ಹಾಕದೆ ಬಂದದ್ದು

ನರಸಿಂಹರಾಜಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡು ಕರಿಬಸವಯ್ಯ ಮೂವತ್ತು ವರ್ಷ ಊರವರ ಪತ್ರ ಬರೆದ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಯಾವುದೇ ಇರಲಿ, ಅಕ್ಷರ ಮುತ್ತು ಪೋಣಿಸಿದಂತಿರುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ಹಳಬರು ಕರಡನ್ನು ಅವನ ಕೈಯಲ್ಲೇ ಬರೆಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ.

ಕಾಯಿಲೆ ಮೊದಲು ಕಾಣಿಸಿದ್ದೇ ಅಕ್ಷರದಲ್ಲಿ. 2004ರ ಸುಮಾರಿಗೆ, ಸಾಲಿನ ಮೊದಲಿಗೆ ದುಂಡಗಿದ್ದ ಅಕ್ಷರ ಕೊನೆ ಮುಟ್ಟುವಷ್ಟರಲ್ಲಿ ಇರುವೆಯಷ್ಟಾಗುತ್ತಿತ್ತು. ಕನ್ನಡಕ ಬದಲಿಸಿದ, ಪೆನ್ನು ಬದಲಿಸಿದ. ಆಮೇಲೆ ಬಲಗೈ ನಡುಗತೊಡಗಿತು. ಶಿವಮೊಗ್ಗದ ನರರೋಗದ ಡಾಕ್ಟರು ಪಾರ್ಕಿನ್ಸನ್ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಬರೆಯುವವನ ಕೈಗೇ ರೋಗವೆಂದರೆ ಯಾರು ಬಂದಾರು ಎಂದು ಅವನು ಯಾರಿಗೂ ಬಾಯಿ ಬಿಡಲಿಲ್ಲ. ನಡುಗುವ ಕೈಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ.

ಕೈಗಿಂತ ಹೆಚ್ಚಾಗಿ ಅವನನ್ನು ಒಂಟಿ ಮಾಡಿದ್ದು ಮುಖ. ಅದು ಬಿಗಿದುಕೊಂಡಿತು; ಒಳಗೆ ನಗು ಬಂದರೂ ಅವನು ಹೊರಗೆ ಸಿಟ್ಟಾದವನಂತೆ ಕಾಣುತ್ತಿದ್ದ. ಪಕ್ಕದ ಮೇಜಿನ ಪತ್ರಬರಹಗಾರ ಮಲ್ಲೇಶಪ್ಪ ಇಪ್ಪತ್ತು ವರ್ಷದ ಗೆಳೆಯ. ಮಗಳ ಮದುವೆ ಗೊತ್ತಾದ ದಿನ ಅವನು ಮೊದಲು ಓಡಿಬಂದದ್ದು ಕರಿಬಸವಯ್ಯನ ಬಳಿಗೆ. ಕರಿಬಸವಯ್ಯನ ಮುಖ ಮಿಸುಕಲಿಲ್ಲ.

"ಎಂತ ಮಾರಾಯ, ನಿಂಗೆ ಖುಷಿ ಆಗ್ಲಿಲ್ವಾ?"

"ಆಯ್ತು." ದನಿಯೂ ಸತ್ತಿತ್ತು.

ಮಲ್ಲೇಶಪ್ಪ ಚಹಾಕ್ಕೆ ಕರೆಯುವುದನ್ನು ಬಿಟ್ಟ. ಮದುವೆಯ ಕಾಗದವೂ ಬರಲಿಲ್ಲ.

ಮರುವರ್ಷ ಪೇಪರಿನಲ್ಲಿ ಸ್ಟೆಮ್ ಸೆಲ್ ಎಂಬ ಹೊಸ ಚಿಕಿತ್ಸೆಯ ಸುದ್ದಿ ಬಂತು. ಮಿದುಳಿನಲ್ಲಿ ಸತ್ತ ಕೋಶಗಳ ಜಾಗಕ್ಕೆ ಹೊಸ ಕೋಶ ಬೆಳೆಸಬಹುದಂತೆ. ಕರಿಬಸವಯ್ಯ ಅದನ್ನು ಕತ್ತರಿಸಿಟ್ಟುಕೊಂಡ. ವಿಚಾರಿಸುತ್ತಾ ಬೆಂಗಳೂರಿನ ಒಂದು ಕ್ಲಿನಿಕ್ಕಿನ ನಂಬರು ಸಿಕ್ಕಿತು. "ಬನ್ನಿ ಸಾರ್, ಮೂರು ತಿಂಗಳಲ್ಲಿ ಮೊದಲಿನ ಹಾಗೆ ಬರೀತೀರಿ," ಎಂದರು. ಒಬ್ಬನೇ ಬಸ್ಸು ಹತ್ತಿದ.

ಅಲ್ಲಿಯ ಗುಮಾಸ್ತ ಆರು ಪುಟದ ಒಪ್ಪಿಗೆಪತ್ರ ಮುಂದಿಟ್ಟ. ಕರಿಬಸವಯ್ಯ ಮೊದಲ ಸಾಲಿನಿಂದ ಓದತೊಡಗಿದ.

"ಎಲ್ರೂ ಸುಮ್ನೆ ಸೈನ್ ಹಾಕ್ತಾರೆ ಸಾರ್."

ನಾಲ್ಕನೇ ಪುಟದಲ್ಲಿತ್ತು: ಇದು ಪ್ರಯೋಗ, ಗುಣವಾಗದಿದ್ದರೂ ಕೇಡಾದರೂ ರೋಗಿಯೇ ಹೊಣೆ, ಕಟ್ಟಿದ ಹಣ ವಾಪಸಿಲ್ಲ.

"ನಾನು ಕೊಡೋದೆಲ್ಲ ಇದ್ರಲ್ಲಿ ಬರ್ದಿದೆ. ನೀವು ಕೊಡೋದೆಂತ?"

"ಭರವಸೆ, ಸಾರ್."

"ಅದು ಯಾವ ಪುಟದಲ್ಲಿದೆ?"

ಗುಮಾಸ್ತ ಗಡಿಯಾರ ನೋಡಿದ. ಕರಿಬಸವಯ್ಯ ಪೆನ್ನು ಹಿಡಿದು ಬಹಳ ಹೊತ್ತು ಕೂತ. ಇಷ್ಟೆಲ್ಲ ಓದಿಯೂ ಸಹಿ ಹಾಕಿಬಿಡೋಣ ಎನಿಸುತ್ತಿತ್ತು. ಇಂಥ ಪತ್ರಕ್ಕೆ ಬೇರೆ ಯಾರಾದರೂ ಸಹಿ ಹಾಕಹೊರಟಿದ್ದರೆ ತಾನು ಕೈ ಹಿಡಿದು ನಿಲ್ಲಿಸಿಬಿಡುತ್ತಿದ್ದ. ತನ್ನ ಕೈ ಹಿಡಿಯುವವರು ಯಾರೂ ಇರಲಿಲ್ಲ. ಕೊನೆಗೆ ಪೆನ್ನು ಕೆಳಗಿಟ್ಟು ಎದ್ದ.

ಬರುವಾಗ ಶಿವಮೊಗ್ಗದಲ್ಲಿ ಇಳಿದು ತನ್ನ ಡಾಕ್ಟರನ್ನು ಕಂಡ.

"ಪೇಪರಲ್ಲಿ ಬಂದಿದ್ದು ಸುಳ್ಳಲ್ಲ," ಎಂದರು ಅವರು. "ಆದ್ರೆ ಇನ್ನೂ ಪರೀಕ್ಷೆ ಹಂತದಲ್ಲಿದೆ. ಹಾಕಿದ ಕೋಶ ಉಳೀಬೇಕು, ಗಡ್ಡೆ ಆಗ್ಬಾರ್ದು. ಅದೆಲ್ಲ ಖಾತ್ರಿ ಆಗೋಕೆ ವರ್ಷಗಟ್ಟಲೆ ಬೇಕು."

"ನನ್ನ ಕಾಲಕ್ಕೆ ಆದೀತಾ?"

ಡಾಕ್ಟರು ಮಾತ್ರೆಯನ್ನು ಅರ್ಧ ಹೆಚ್ಚು ಮಾಡಿ ಬರೆದರು.

ಮರುದಿನ ಕರಿಬಸವಯ್ಯ ಮಲ್ಲೇಶಪ್ಪನ ಮೇಜಿನ ಮುಂದೆ ನಿಂತು ಕೈಯನ್ನು ಜೇಬಿನಿಂದ ಹೊರಗೆ ತೆಗೆದ. "ಕಾಯಿಲೆ ಕಣೋ. ಅವತ್ತು ನಂಗೆ ಖುಷಿನೇ ಆಗಿತ್ತು. ಮುಖಕ್ಕೆ ಬರ್ಲಿಲ್ಲ."

"ಇಷ್ಟು ದಿನ ಹೇಳ್ದೆ ಇದ್ಯಲ್ಲೋ!" ಮಲ್ಲೇಶಪ್ಪನ ಕಣ್ಣು ತುಂಬಿತು. ಆಮೇಲೆ ಅವನು ಆಗಾಗ ಕೋಣೆಗೆ ಬರುತ್ತಿದ್ದ. ಆದರೆ ಮೊದಲಿನ ಸಲಿಗೆ ಇಬ್ಬರ ನಡುವೆ ಪೂರ್ತಿ ಮರಳಲಿಲ್ಲ. ಮಾತಿನ ಮಧ್ಯೆ ಅವನು ಗೆಳೆಯನ ಮುಖವನ್ನೇ ನೋಡಿ ಅನುಮಾನದಿಂದ ನಿಲ್ಲಿಸಿಬಿಡುತ್ತಿದ್ದ.

ಮುಂದಿನ ವರ್ಷ ಕರಿಬಸವಯ್ಯ ಬರೆಯಲಾಗದೆ ಮೇಜು ತೆಗೆದುಬಿಟ್ಟ. ಸಂಜೆ ಮೂಲೆಯ ಚಹಾದಂಗಡಿಗೆ ಮಾತ್ರ ಹೆಜ್ಜೆ ಎಳೆಯುತ್ತಾ ಹೋಗುತ್ತಿದ್ದ. ಅಂಗಡಿಯ ಪ್ರೇಮಕ್ಕ ಏನೂ ಕೇಳದೆ, ತುಳುಕದಂತೆ ಲೋಟಕ್ಕೆ ಅರ್ಧವೇ ಚಹಾ ಹಾಕಿ, ಅವನು ಕುಡಿದ ಮೇಲೆ ಉಳಿದರ್ಧ ತಂದು ಹೊಯ್ಯುತ್ತಿದ್ದಳು.